ಮೇಲಕ್ಕೆ ಒಂದು ಮೆಟ್ಟಿಲು, ಕೆಳಕ್ಕೆ ಏಳು: ಜಗಳೂರಿನಿಂದ ಕಂಡ ಇಸ್ರೊ ಆಡಳಿತದ ಚರಿತ್ರೆ

2024ರ ಮಾರ್ಚ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತಿಗೆ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯ ಆಕಾಶದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಒಂದು ಪುಟ್ಟ ವಿಮಾನದಂಥ ವಾಹನವನ್ನು ಹೊತ್ತು ನಿಂತಿತ್ತು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಅದನ್ನು ಕೆಳಗೆ ಬಿಟ್ಟಿತು. ಓಡುದಾರಿ ಇನ್ನೂ ನಾಲ್ಕು ಕಿಲೋಮೀಟರ್ ದೂರವಿತ್ತು. ಒಳಗೆ ಪೈಲಟ್ ಇರಲಿಲ್ಲ. ವಾಹನ ತನ್ನ ದಾರಿಯನ್ನು ತಾನೇ ಸರಿಪಡಿಸಿಕೊಂಡು ಬಂದು ಇಳಿಯಿತು, ಪ್ಯಾರಾಚೂಟ್ ಬಿಚ್ಚಿ, ಬ್ರೇಕ್ ಹಾಕಿ ನಿಂತಿತು. ಇಸ್ರೊ ಅದಕ್ಕೆ ಇಟ್ಟ ಹೆಸರು ಪುಷ್ಪಕ್. 2023ರ ಏಪ್ರಿಲ್ 2ರಂದು ಇಂಥದ್ದೇ ಮೊದಲ ಪ್ರಯೋಗ ಇಲ್ಲಿ ನಡೆದಿತ್ತು. ಮೂರನೆಯದು 2024ರ ಜೂನ್ 23ರಂದು ನಡೆಯಿತು.

ನಾಯಕನಹಟ್ಟಿ ಜಗಳೂರಿನವರಿಗೆ ದೂರದ ಊರಲ್ಲ. ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನಮ್ಮ ಕಡೆಯವರು ಹೋಗಿ ಬರುತ್ತಾರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರೂ ಚಳ್ಳಕೆರೆಯೂ ಚಿತ್ರದುರ್ಗ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳೇ ಆಗಿದ್ದವು. ಮಳೆಯೂ ಒಂದೇ ಥರ, ಬರವೂ ಒಂದೇ ಥರ. ಹಾಗಾಗಿ ಪುಷ್ಪಕ್ ಇಳಿದ ಸುದ್ದಿ ಓದಿದಾಗ ನಮ್ಮ ಗುಂಪಿನಲ್ಲಿ ಹುಟ್ಟಿದ ಪ್ರಶ್ನೆ ರಾಕೆಟ್ ವಿಜ್ಞಾನದ್ದಾಗಿರಲಿಲ್ಲ. ಆ ಕೆಲಸವನ್ನು ನಡೆಸಿದವರು ಯಾರು, ಅವರಿಗೆ ಹೇಳುವವರು ಯಾರು, ಅವರು ಉತ್ತರ ಕೊಡಬೇಕಾದದ್ದು ಯಾರಿಗೆ ಎಂಬುದು ನಮ್ಮ ಪ್ರಶ್ನೆ.

ಯಾಕೆಂದರೆ ಆ ಒಂದು ಬೆಳಗಿನ ಕೆಲಸಕ್ಕೆ ಕೈ ಹಾಕಿದವರ ಪಟ್ಟಿ ದೊಡ್ಡದು. ವಾಹನ ತಯಾರಾದದ್ದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ. ದ್ರವ ಎಂಜಿನ್‌ಗಳ ಕೇಂದ್ರ, ದಿಕ್ಕು ತೋರುವ ಉಪಕರಣಗಳ ಘಟಕ ಕೈ ಜೋಡಿಸಿದ್ದವು. ಹೆಲಿಕಾಪ್ಟರ್ ವಾಯುಪಡೆಯದು. ಓಡುದಾರಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ್ದು. ಅದರ ಕೆಳಗಿನ ನೆಲ ಅಮೃತ್ ಮಹಲ್ ಕಾವಲಿನದು. ಇಷ್ಟೊಂದು ಮಂದಿ ಒಂದೇ ಗಡಿಯಾರ ನೋಡಿಕೊಂಡು ಕೆಲಸ ಮಾಡುವುದನ್ನು ಇಸ್ರೊ ಕಲಿತದ್ದು ಹೇಗೆ? ಅದೇ ಶಿಸ್ತು ಜಗಳೂರಿನ ರೈತನ ಹೊಲದವರೆಗೆ ಯಾಕೆ ಬರುವುದಿಲ್ಲ? ಈ ಲೇಖನ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿದ್ದು.

ಅಣುಶಕ್ತಿ ಇಲಾಖೆಯ ಮಡಿಲಲ್ಲಿ

ಭಾರತದ ಬಾಹ್ಯಾಕಾಶ ಕೆಲಸ ಶುರುವಾದಾಗ ಅದಕ್ಕೆ ಸ್ವಂತ ಇಲಾಖೆ ಇರಲಿಲ್ಲ. 1962ರಲ್ಲಿ ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಒಂದು ಸಮಿತಿ ರಚನೆಯಾಯಿತು. ಅಧ್ಯಕ್ಷರು ವಿಕ್ರಮ್ ಸಾರಾಭಾಯಿ. ಕೇರಳದ ತುಂಬಾ ಎಂಬ ಮೀನುಗಾರರ ಊರನ್ನು ರಾಕೆಟ್ ಹಾರಿಸಲು ಆರಿಸಿದರು. ಭೂಮಿಯ ಕಾಂತೀಯ ಸಮಭಾಜಕ ಆ ಊರಿನ ಬಳಿಯೇ ಹಾದುಹೋಗುತ್ತದೆ ಎಂಬುದು ಕಾರಣ. ಅಲ್ಲಿ ಮೇರಿ ಮ್ಯಾಗ್ದಲೀನರ ಹೆಸರಿನ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ವಿಷಯವನ್ನು ಭಾನುವಾರದ ಪ್ರಾರ್ಥನೆಗೆ ಬಂದ ಜನರ ಮುಂದಿಟ್ಟು ಒಪ್ಪಿಗೆ ಕೇಳಿದರೆಂಬುದನ್ನು ಅಬ್ದುಲ್ ಕಲಾಂ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಚರ್ಚ್ ಕಚೇರಿಯಾಯಿತು, ಜನ ಬೇರೆ ಕಡೆ ಮನೆ ಕಟ್ಟಿಕೊಂಡರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕದಿಂದ ಬಂದ ನೈಕಿ–ಅಪಾಚೆ.

1969ರ ಆಗಸ್ಟ್ 15ರಂದು ಇಸ್ರೊ ಹುಟ್ಟಿತು. ಆಗಲೂ ಅದು ಅಣುಶಕ್ತಿ ಇಲಾಖೆಯ ಕೂಸೇ. 1966ರಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಅವರ ಹೆಗಲೇರಿತ್ತು. ಅಹಮದಾಬಾದಿನ ಭೌತ ಸಂಶೋಧನಾಲಯವೂ ಅವರದೇ. ಒಬ್ಬ ಮನುಷ್ಯನ ಸುತ್ತ, ಅವನ ನಂಬಿಕೆ, ಪರಿಚಯ, ಓಡಾಟದ ಮೇಲೆ ನಿಂತ ಸಂಸ್ಥೆ ಅದು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ವಯಸ್ಸು ಐವತ್ತೆರಡು. ಮನೆಯ ಯಜಮಾನ ದಿಢೀರ್ ಹೋದರೆ ಹೊಲದ ಲೆಕ್ಕ, ಸಾಲದ ಲೆಕ್ಕ ಯಾರಿಗೂ ತಿಳಿಯದಂತಾಗುತ್ತದಲ್ಲ, ಆ ಅಪಾಯ ಇಸ್ರೊಗೂ ಇತ್ತು.

ಒಬ್ಬರಿಗೆ ಮೂರು ಕುರ್ಚಿ

ಆಗ ಕೆಲವು ತಿಂಗಳು ಎಂ.ಜಿ.ಕೆ. ಮೆನನ್ ಹೊಣೆ ಹೊತ್ತರು. ಅದೇ ಹೊತ್ತಿನಲ್ಲಿ ಇಂದಿರಾ ಗಾಂಧಿ ಸರ್ಕಾರ ಅಣುಶಕ್ತಿಯನ್ನೂ ಬಾಹ್ಯಾಕಾಶವನ್ನೂ ಬೇರೆ ಮಾಡಿತು. 1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆ ಎರಡೂ ಬಂದವು. ಇಸ್ರೊ ಆ ಇಲಾಖೆಯ ಕೆಳಗೆ ಬಂತು. 1975ರ ಏಪ್ರಿಲ್ 1ರಿಂದ ಅದು ಪೂರ್ತಿ ಸರ್ಕಾರಿ ಸಂಸ್ಥೆ.

ಮುಖ್ಯಸ್ಥರಾಗಲು ಕರೆ ಹೋದದ್ದು ಸತೀಶ್ ಧವನ್ ಅವರಿಗೆ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ, ನಿರ್ದೇಶಕರು. ಆಗ ಬಿಡುವಿನ ಮೇಲೆ ಅಮೆರಿಕದಲ್ಲಿದ್ದರು. ಅವರು ಎರಡು ಷರತ್ತು ಹಾಕಿದರು: ವಿಜ್ಞಾನ ಸಂಸ್ಥೆಯ ಹುದ್ದೆ ಬಿಡುವುದಿಲ್ಲ, ಬಾಹ್ಯಾಕಾಶ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು. ಪ್ರಧಾನಿ ಎರಡಕ್ಕೂ ಒಪ್ಪಿದರು. ಕೇಂದ್ರ ಸರ್ಕಾರದ ಒಂದು ಇಲಾಖೆಯ ಮುಖ್ಯ ಕಚೇರಿ ದೆಹಲಿ ಬಿಟ್ಟು ನಮ್ಮ ರಾಜ್ಯದಲ್ಲಿ ನಿಂತದ್ದು ಹೀಗೆ. ಇಂದಿನ ಅಂತರಿಕ್ಷ ಭವನದ ಬೇರು ಆ ಷರತ್ತಿನಲ್ಲಿದೆ.

ಆಗ ಬಿದ್ದ ಪಾಯವೇ ಇಂದಿಗೂ ಇರುವುದು. ಅದನ್ನು ಬಿಡಿಸಿ ನೋಡೋಣ. ಬಾಹ್ಯಾಕಾಶ ಆಯೋಗ ನೀತಿ ರೂಪಿಸುತ್ತದೆ. ಬಾಹ್ಯಾಕಾಶ ಇಲಾಖೆ ಆ ನೀತಿಯನ್ನು ಸರ್ಕಾರದ ಆದೇಶವಾಗಿ, ಹಣವಾಗಿ ಮಾರ್ಪಡಿಸುತ್ತದೆ. ಇಸ್ರೊ ಕೆಲಸ ಮಾಡಿ ತೋರಿಸುತ್ತದೆ. ಮೂರಕ್ಕೂ ಒಬ್ಬರೇ ಮುಖ್ಯಸ್ಥರು: ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ, ಇಸ್ರೊ ಅಧ್ಯಕ್ಷ. ಇಲಾಖೆಯ ಖಾತೆ ಪ್ರಧಾನಿಯ ಕೈಯಲ್ಲಿ. ಸಂಪುಟ ಕಾರ್ಯದರ್ಶಿಯಂಥ ಹಿರಿಯ ಅಧಿಕಾರಿಗಳು ಆಯೋಗದ ಒಳಗೇ ಕೂತಿರುತ್ತಾರೆ, ಹಣಕಾಸಿಗೂ ಅಲ್ಲಿ ಒಬ್ಬ ಸದಸ್ಯರಿರುತ್ತಾರೆ. ನಮ್ಮ ತಾಲ್ಲೂಕಿನ ಒಂದು ಕೆರೆ ಏರಿ ದುರಸ್ತಿಯ ಕಡತ ಎಷ್ಟು ಮೇಜು ಹತ್ತಿ ಇಳಿಯುತ್ತದೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತಾದೀತು. ಇಲ್ಲಿ ಆಕ್ಷೇಪಣೆ ಹಾಕಬೇಕಾದವರು ತೀರ್ಮಾನ ಮಾಡುವ ಮೇಜಿನಲ್ಲೇ ಇದ್ದಾರೆ. ಸಂಸ್ಥೆಯ ಮುಖ್ಯಸ್ಥರಿಂದ ಪ್ರಧಾನಿಗೆ ಒಂದೇ ಮೆಟ್ಟಿಲು.

ಈ ಏರ್ಪಾಟಿನಲ್ಲಿ ಕನ್ನಡ ನೆಲದವರೂ ಆ ಕುರ್ಚಿಯಲ್ಲಿ ಕೂತರು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ 1984ರಿಂದ 1994ರವರೆಗೆ, ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್ 2015ರಿಂದ 2018ರವರೆಗೆ ಅಧ್ಯಕ್ಷರಾಗಿದ್ದರು.

ಮೂರು ಕುರ್ಚಿ ಒಬ್ಬರಿಗೇ ಕೊಟ್ಟದ್ದರ ತೊಂದರೆಯೂ ಮುಂದೆ ಕಂಡಿತು. ಇಸ್ರೊದ ವ್ಯಾಪಾರದ ಅಂಗವಾಗಿ 1992ರಲ್ಲಿ ಆಂಟ್ರಿಕ್ಸ್ ಕಂಪನಿ ಬಂತು. 2005ರ ಜನವರಿಯಲ್ಲಿ ಅದು ದೇವಾಸ್ ಎಂಬ ಬೆಂಗಳೂರಿನ ಕಂಪನಿಯ ಜೊತೆ ಉಪಗ್ರಹದ ತರಂಗಾಂತರ ಕುರಿತು ಒಪ್ಪಂದ ಮಾಡಿಕೊಂಡಿತು. 2011ರಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು. ದೇಶದ ಒಳಗೆ, ಹೊರಗೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ದೇವಾಸ್ ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಮಾಡುವವರು, ಮಾರುವವರು, ಒಪ್ಪಿಗೆ ಕೊಡುವವರು ಒಂದೇ ಸೂರಿನಡಿ ಇದ್ದರೆ ನಡುವೆ ನಿಂತು ‘ತಡೀರಿ’ ಎನ್ನುವವರು ಯಾರು ಎಂಬ ಪ್ರಶ್ನೆ ಆಗ ದೇಶದ ಮುಂದೆ ಬಂತು. 2019ರಲ್ಲಿ ನ್ಯೂಸ್ಪೇಸ್ ಇಂಡಿಯಾ ಎಂಬ ಬೇರೆ ಕಂಪನಿ, 2020ರಲ್ಲಿ ಖಾಸಗಿಯವರಿಗೆ ಅನುಮತಿ ಕೊಡಲು ಇನ್‌–ಸ್ಪೇಸ್ ಎಂಬ ಮಂಡಳಿ, 2023ರಲ್ಲಿ ಬಾಹ್ಯಾಕಾಶ ನೀತಿ ಬಂದವು. ಆ ನೀತಿಯ ಪ್ರಕಾರ ಇಸ್ರೊ ಇನ್ನು ಹೆಚ್ಚಾಗಿ ಸಂಶೋಧನೆಗೆ ಗಮನ ಕೊಡಬೇಕು. ಐವತ್ತು ವರ್ಷ ಒಟ್ಟಿಗಿದ್ದ ಮನೆಯಲ್ಲಿ ಈಗ ಪಾಲು ನಡೆಯುತ್ತಿದೆ.

ಒಬ್ಬ ಎಂಜಿನಿಯರಿಗೆ ಇಬ್ಬರು ಯಜಮಾನರು

ಮೇಲಿನ ಮೆಟ್ಟಿಲು ಚಿಕ್ಕದಾದ ಮಾತ್ರಕ್ಕೆ ರಾಕೆಟ್ ಹಾರುವುದಿಲ್ಲ. ಒಳಗಿನ ಕೆಲಸ ಹಂಚುವುದನ್ನು ಧವನ್ ಕಾಲದಲ್ಲಿ ಗಟ್ಟಿ ಮಾಡಿದರು. ತುಂಬಾದ ಸುತ್ತ ಚದುರಿದ್ದ ಘಟಕಗಳು ಸೇರಿ ವಿಕ್ರಮ್ ಸಾರಾಭಾಯಿ ಕೇಂದ್ರವಾಯಿತು. ಅದಕ್ಕೆ ಬ್ರಹ್ಮ ಪ್ರಕಾಶ್ ನಿರ್ದೇಶಕರು. ಅಹಮದಾಬಾದಿನಲ್ಲಿ ಬಾಹ್ಯಾಕಾಶ ಬಳಕೆಗಳ ಕೇಂದ್ರ, ಅದಕ್ಕೆ ಯಶ್ ಪಾಲ್. ಉಪಗ್ರಹದ ಗುಂಪು ಯು.ಆರ್. ರಾವ್ ಜೊತೆ ಬೆಂಗಳೂರಿಗೆ ಬಂದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಕೆಲಸ ಶುರುಮಾಡಿತು. ಅಲ್ಲಿ ತಯಾರಾದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಶ್ರೀಹರಿಕೋಟಾ ಉಡಾವಣೆಗೆ, ಮಹೇಂದ್ರಗಿರಿ ಎಂಜಿನ್ ಪರೀಕ್ಷೆಗೆ, 1982ರಿಂದ ಹಾಸನ ಸಂಪರ್ಕ ಉಪಗ್ರಹಗಳ ನಿಯಂತ್ರಣಕ್ಕೆ, ಹೈದರಾಬಾದ್ ಭೂಮಿಯ ಚಿತ್ರಗಳಿಗೆ. ಚಂದ್ರಯಾನದ ಮಾತು ಕೇಳಲು 2008ರಲ್ಲಿ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 32 ಮೀಟರಿನ ಆಂಟೆನಾ ಎದ್ದಿತು.

ಕೇಂದ್ರಗಳು ಹೀಗೆ ಚದುರಿದ್ದರೆ ಒಂದು ಯೋಜನೆ ನಡೆಯುವುದು ಹೇಗೆ? ಅದಕ್ಕೆ ಇಸ್ರೊ ಎರಡು ಎಳೆಗಳನ್ನು ಹೆಣೆಯಿತು. ಒಂದು ಎಳೆ ವಿಭಾಗಗಳದು: ಇಂಧನ, ಲೋಹ, ಎಲೆಕ್ಟ್ರಾನಿಕ್ಸ್, ನಿಯಂತ್ರಣ. ಇನ್ನೊಂದು ಯೋಜನೆಗಳದು: ಈ ರಾಕೆಟ್, ಆ ಉಪಗ್ರಹ. ಯೋಜನಾ ನಿರ್ದೇಶಕರಿಗೆ ದೊಡ್ಡ ಸ್ವಂತ ಪಡೆ ಇರುವುದಿಲ್ಲ; ಅವರು ವಿಭಾಗಗಳಿಂದ ಜನರನ್ನು, ಯಂತ್ರಗಳನ್ನು ಪಡೆದು ಕೆಲಸ ಮುಗಿಸಬೇಕು. ಎಂಜಿನಿಯರ್ ಒಬ್ಬ ತನ್ನ ವಿಭಾಗದ ಮುಖ್ಯಸ್ಥರಿಗೂ ಯೋಜನಾ ನಿರ್ದೇಶಕರಿಗೂ ಉತ್ತರ ಹೇಳುತ್ತಾನೆ. ನಮ್ಮಲ್ಲಿ ಇಬ್ಬರು ಯಜಮಾನರ ಆಳು ಎಂದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಇಲ್ಲಿ ಅದು ನಡೆದದ್ದು ಯಾರು ಯಾವಾಗ ಏನು ಒಪ್ಪಿಸಬೇಕೆಂಬುದು ಬರಹದಲ್ಲಿ ಇದ್ದುದರಿಂದ, ಮತ್ತು ಪ್ರತಿ ಹಂತದಲ್ಲೂ ಆ ಯೋಜನೆಗೆ ಸೇರದ ಹಿರಿಯರು ಬಂದು ವಿನ್ಯಾಸವನ್ನು ಪ್ರಶ್ನಿಸುತ್ತಿದ್ದುದರಿಂದ. ಕೊನೆಗೆ ಉಡಾವಣೆಗೆ ಒಪ್ಪಿಗೆ ಕೊಡುವುದು ಯೋಜನಾ ನಿರ್ದೇಶಕರಲ್ಲ, ಅದಕ್ಕೆಂದೇ ಇರುವ ಮಂಡಳಿ. ಚಳ್ಳಕೆರೆಯ ಓಡುದಾರಿಯಲ್ಲಿ ಪುಷ್ಪಕ್ ಇಳಿಯುವಾಗ ಹತ್ತಾರು ಸಂಸ್ಥೆಗಳು ಒಂದಾಗಿ ನಡೆದದ್ದು ಐವತ್ತು ವರ್ಷದ ಈ ಅಭ್ಯಾಸದಿಂದ.

ಸೋಲಿನ ಲೆಕ್ಕ

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ–3 ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರು ಅಬ್ದುಲ್ ಕಲಾಂ. ಅಂದು ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಅಧ್ಯಕ್ಷ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು. ಈ ಕತೆಯನ್ನು ಕಲಾಂ ತಮ್ಮ ಭಾಷಣಗಳಲ್ಲಿ ಹೇಳಿ ಹೇಳಿ ಅದು ದೊಡ್ಡ ಮನಸ್ಸಿನ ಕತೆಯಾಗಿ ಉಳಿದಿದೆ. ನಾವು ಅದರಲ್ಲಿ ಆಡಳಿತದ ಪಾಠವನ್ನೂ ನೋಡುತ್ತೇವೆ. ಸೋಲಿಗೆ ಮೇಲಿನವರು ಉತ್ತರ ಹೇಳಿದರೆ ಕೆಳಗಿನವರು ಸತ್ಯ ಹೇಳಲು ಹೆದರುವುದಿಲ್ಲ.

ಅದರ ಫಲ 1993ರಲ್ಲಿ ಕಂಡಿತು. ಸೆಪ್ಟೆಂಬರ್ 20ರಂದು ಮೊದಲ ಪಿಎಸ್‌ಎಲ್‌ವಿ ವಿಫಲವಾಯಿತು. ಸಮಿತಿ ಕೂತು ಹುಡುಕಿದಾಗ ಹಂತಗಳು ಬೇರೆಯಾಗುವ ಹೊತ್ತಿನ ವಾಲಾಟ, ಅದನ್ನು ಸರಿಪಡಿಸಬೇಕಿದ್ದ ತಂತ್ರಾಂಶದ ದೋಷ ಸಿಕ್ಕವು. 1994ರ ಅಕ್ಟೋಬರ್ 15ರ ಹಾರಾಟ ಗೆದ್ದಿತು. ಸೋತ ಪ್ರತಿ ರಾಕೆಟ್ಟಿಗೂ ಒಂದು ಸಮಿತಿ ಕೂರುವುದು, ಕಾರಣ ಹುಡುಕುವುದು, ಮುಂದಿನ ರಾಕೆಟ್ಟಿನಲ್ಲಿ ಅದನ್ನು ತಿದ್ದುವುದು ಇಸ್ರೊದ ಪದ್ಧತಿ. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರದ ಮಾತು ಬಂದಾಗ ಇದರ ಅಗತ್ಯ ಬೀಳುತ್ತದೆ.

ಒಮ್ಮೆ ಹಳ್ಳಿಯವರೆಗೂ ಇಳಿದಿದ್ದರು

ಇಸ್ರೊ ಯಾವಾಗಲೂ ಮೇಲೆ ಮಾತ್ರ ನೋಡುತ್ತಿತ್ತು ಎಂದರೆ ತಪ್ಪಾಗುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗ ಅದಕ್ಕೆ ಸಾಕ್ಷಿ. ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿದರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದ್ದವು. ಕನ್ನಡದಲ್ಲೂ ಕಾರ್ಯಕ್ರಮ ಬರುತ್ತಿತ್ತು: ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ಕೋಳಿಗೂಡಿನ ಬಲೆಯಂಥ ತಂತಿ ಜಾಲರಿಯಿಂದ ಮಾಡಿದ ಆಂಟೆನಾ, ಊರ ನಡುವೆ ಒಂದು ಟಿವಿ, ಅದರ ಮುಂದೆ ಇಡೀ ಊರು.

ಆಡಳಿತದ ದೃಷ್ಟಿಯಿಂದ ಇದು ದೊಡ್ಡ ಸಂಗತಿ. ಉಪಗ್ರಹದ ಕೊಂಡಿಯಿಂದ ಹಿಡಿದು ಹಳ್ಳಿಯ ಟಿವಿ ಕೆಟ್ಟರೆ ರಿಪೇರಿ ಮಾಡುವವರೆಗೆ ಹೊಣೆ ಯಾರದ್ದು ಎಂಬುದು ಸ್ಪಷ್ಟವಿತ್ತು. ಇ.ವಿ. ಚಿಟ್ನಿಸ್ ಅದರ ವ್ಯವಸ್ಥಾಪಕರು. ಕಾರ್ಯಕ್ರಮ ಜನರ ಮೇಲೆ ಏನು ಪರಿಣಾಮ ಮಾಡಿತು ಎಂದು ತಿಳಿಯಲು ಸಮಾಜವಿಜ್ಞಾನಿಗಳನ್ನು ನೇಮಿಸಿದ್ದರು. ಮಾನವಶಾಸ್ತ್ರ ಓದಿದವರು ಹಳ್ಳಿಗಳಲ್ಲೇ ಉಳಿದು ಬರೆದಿಟ್ಟರು. ರಾಕೆಟ್ ಸಂಸ್ಥೆಯೊಂದು ಹಳ್ಳಿಯ ಕಟ್ಟೆಯ ಮೇಲೆ ಕೂತು ‘ನಿಮಗಿದು ಉಪಯೋಗಕ್ಕೆ ಬಂತಾ’ ಎಂದು ಕೇಳಿತ್ತು. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸು ಹೋಯಿತು. ಆ ಕೇಳುವ ಪದ್ಧತಿ ಗುಜರಾತಿನ ಖೇಡಾದಲ್ಲಿ ಕೆಲಕಾಲ ಮುಂದುವರಿಯಿತು, ದೇಶವ್ಯಾಪಿಯಾಗಲಿಲ್ಲ.

ಬಳಕೆದಾರ ಅಂದರೆ ಯಾರು?

ಇನ್ಸಾಟ್ ಉಪಗ್ರಹಗಳ ಕಾಲ ಬಂದಾಗ ಇಸ್ರೊ ಇನ್ನೊಂದು ಏರ್ಪಾಟು ಮಾಡಿತು. ಉಪಗ್ರಹ ಬಳಸುವ ಇಲಾಖೆಗಳು, ಅಂದರೆ ದೂರಸಂಪರ್ಕ, ಹವಾಮಾನ, ಪ್ರಸಾರ, ಒಂದು ಸಮನ್ವಯ ಸಮಿತಿಯಲ್ಲಿ ಕೂತು ಯಾರಿಗೆ ಎಷ್ಟು ಬೇಕೆಂದು ಹೇಳಬೇಕು. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಿಗೂ ಅಂಥದ್ದೇ ಸಮಿತಿ ಬಂತು. 1988ರ ಮಾರ್ಚ್ 17ರಂದು ಐಆರ್‌ಎಸ್–1ಎ ಹಾರಿತು. ಅದಕ್ಕೂ ಮೊದಲೇ, 1986ರಲ್ಲಿ, ಕರ್ನಾಟಕ ಸರ್ಕಾರ ತನ್ನದೇ ದೂರಸಂವೇದಿ ಕೇಂದ್ರ ತೆರೆದಿತ್ತು. ಬಳಸುವವರನ್ನು ಮೊದಲೇ ಕೂರಿಸಿಕೊಂಡು ಉಪಗ್ರಹ ಕಟ್ಟುವುದು ಒಳ್ಳೆಯ ಆಡಳಿತವೇ. ಆದರೆ ‘ಬಳಕೆದಾರ’ ಎಂಬ ಕುರ್ಚಿಯಲ್ಲಿ ಕೂತದ್ದು ಸಚಿವಾಲಯ. ರೈತ ಆ ಸಚಿವಾಲಯದ ಫಲಾನುಭವಿ. ಎರಡರ ನಡುವೆ ದೂರ ಬಹಳ.

ಎರಡು ಉದಾಹರಣೆ ಕೊಡುತ್ತೇವೆ. 1990ರ ದಶಕದ ಕೊನೆಯಲ್ಲಿ ಕುಡಿಯುವ ನೀರಿನ ಮಿಷನ್ನಿಗಾಗಿ ಉಪಗ್ರಹ ಚಿತ್ರ ಬಳಸಿ ಅಂತರ್ಜಲ ಎಲ್ಲಿ ಸಿಗಬಹುದು ಎಂಬ ನಕ್ಷೆಗಳನ್ನು ಮಾಡುವ ಕೆಲಸ ಶುರುವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಕ್ಷೆ ಇಲಾಖೆಗಳಿಗೆ ಹೋಯಿತು. ನಮ್ಮ ಕಡೆ ಹೊಲದಲ್ಲಿ ಬೋರ್ ಹಾಕಿಸುವವರು ಇಂದಿಗೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸುತ್ತಾರೆ. ರೈತ ದಡ್ಡನೆಂದು ಇದಕ್ಕೆ ಅರ್ಥವಲ್ಲ. ತೆಂಗಿನಕಾಯಿಯವರು ಕರೆದರೆ ಹೊಲಕ್ಕೆ ಬರುತ್ತಾರೆ, ನಕ್ಷೆ ಬರುವುದಿಲ್ಲ.

ಇನ್ನೊಂದು ಸುಜಲ ಜಲಾನಯನ ಯೋಜನೆ. ವಿಶ್ವಬ್ಯಾಂಕ್ ನೆರವಿನ ಈ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಮೌಲ್ಯಮಾಪನದ ಹೊಣೆ ಇಸ್ರೊದ ಆಂಟ್ರಿಕ್ಸ್‌ಗೆ. ಉಪಗ್ರಹ ಚಿತ್ರದ ಜೊತೆಗೆ ಹಳ್ಳಿಗೆ ಹೋಗಿ ಜನರನ್ನು ಕೇಳಿ, ನಡುವಿನಲ್ಲೇ ತಪ್ಪು ತಿದ್ದುವ ವಿಧಾನ ಅದರಲ್ಲಿತ್ತು. ಸೈಟ್ ಪ್ರಯೋಗದ ಗುಣ ಇಲ್ಲಿ ಮತ್ತೆ ಕಂಡಿತು ಎನ್ನಬಹುದು. ಚಿತ್ರದುರ್ಗ ಜಿಲ್ಲೆ ಆ ಪಟ್ಟಿಯಲ್ಲಿತ್ತು. ನಾಲ್ಕು ವರ್ಷ ಮೊದಲು ಆ ಜಿಲ್ಲೆ ಬಿಟ್ಟು ದಾವಣಗೆರೆ ಸೇರಿದ್ದ ಜಗಳೂರು ಹೊರಗುಳಿಯಿತು. ದಾವಣಗೆರೆ ಸೇರಿದ್ದು ಸುಜಲದ ಮೂರನೆಯ ಹಂತದಲ್ಲಿ. ಉಪಗ್ರಹಕ್ಕೆ ಜಿಲ್ಲೆಯ ಗಡಿ ಕಾಣುವುದಿಲ್ಲ, ಯೋಜನೆಯ ಕಡತಕ್ಕೆ ಕಾಣುತ್ತದೆ.

ಏಳು ಮೆಟ್ಟಿಲು

ಈಗ ಬರದ ಮಾತಿಗೆ ಬರೋಣ. ಜಗಳೂರಿನ ಹೊಲದ ಚಿತ್ರ ಉಪಗ್ರಹದಿಂದ ಮೊದಲು ಇಳಿಯುವುದು ಹೈದರಾಬಾದಿನ ದೂರಸಂವೇದಿ ಕೇಂದ್ರಕ್ಕೆ. ಬರವನ್ನು ಉಪಗ್ರಹದಿಂದ ಅಳೆಯುವ ಕ್ರಮವನ್ನು 1989ರ ಸುಮಾರಿಗೆ ಶುರುಮಾಡಿದ್ದೂ ಅವರೇ. 2012ರಲ್ಲಿ ಕೃಷಿ ಸಚಿವಾಲಯ ದೆಹಲಿಯಲ್ಲಿ ಮಹಾಲನೋಬಿಸ್ ಬೆಳೆ ಮುನ್ನಂದಾಜು ಕೇಂದ್ರ ತೆರೆದ ಮೇಲೆ ಆ ಕೆಲಸ ಅಲ್ಲಿಗೆ ಹೋಯಿತು. ಅಲ್ಲಿಂದ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅಲ್ಲಿಂದ ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿ. ಅಲ್ಲಿಂದ ಜಗಳೂರಿನ ತಹಶೀಲ್ದಾರ್. ಅಲ್ಲಿಂದ ನಾವು ಮೊನ್ನೆಯವರೆಗೆ ಗ್ರಾಮ ಲೆಕ್ಕಿಗರೆನ್ನುತ್ತಿದ್ದ ಗ್ರಾಮ ಆಡಳಿತಾಧಿಕಾರಿ. ಏಳನೆಯ ಮೆಟ್ಟಿಲಲ್ಲಿ ರೈತ. ಪ್ರತಿ ಮೆಟ್ಟಿಲೂ ಬೇರೆ ಇಲಾಖೆ, ಬೇರೆ ಸರ್ಕಾರ, ಬೇರೆ ಯಜಮಾನ. ಇಸ್ರೊ ಒಳಗೆ ಇಬ್ಬರು ಯಜಮಾನರನ್ನು ಹೆಣೆದ ಆ ಬರಹದ ಒಪ್ಪಂದ, ಹೊರಗಿನವರ ಪರಿಶೀಲನೆ ಇಲ್ಲಿ ಇಲ್ಲ.

ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಮೊದಲು ಮಳೆಯ ಲೆಕ್ಕ ನೋಡಬೇಕು. ಆಮೇಲೆ ಬಿತ್ತನೆ, ಉಪಗ್ರಹ ಹೇಳುವ ಹಸಿರಿನ ಸೂಚ್ಯಂಕ, ಮಣ್ಣಿನ ತೇವ, ಕೆರೆ–ಅಂತರ್ಜಲದ ಸ್ಥಿತಿ. ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಖಚಿತಪಡಿಸಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗ ಕೇಂದ್ರ ತಂಡದ ಮುಂದೆ ರಾಜ್ಯ ಸರ್ಕಾರ ಇಟ್ಟ ಒಂದು ಮಾತು ‘ಹಸಿರು ಬರ’. ನಡುವೆ ಒಂದೆರಡು ಮಳೆ ಬಿದ್ದು ಮೆಕ್ಕೆಜೋಳ ಹಸಿರಾಗಿ ನಿಂತಿರುತ್ತದೆ, ತೆನೆ ಬಿಡಿಸಿದರೆ ಕಾಳಿಲ್ಲ. ಮೇಲಿನಿಂದ ನೋಡಿದ ಕಣ್ಣಿಗೆ ಹಸಿರು, ಹೊಲದಲ್ಲಿ ನಿಂತವನಿಗೆ ಬರ. ಮೆಕ್ಕೆಜೋಳ ನೆಚ್ಚಿದ ನಮ್ಮಂಥ ತಾಲ್ಲೂಕಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ರಾಜ್ಯ ಕೇಳಿದ ಪರಿಹಾರ 18,171 ಕೋಟಿ ರೂಪಾಯಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಮುಂಗಾರು ಕೈಕೊಟ್ಟದ್ದು ಒಂದು ವರ್ಷ, ಹಣ ಬಂದದ್ದು ಮುಂದಿನ ವರ್ಷದ ಬೇಸಿಗೆಯಲ್ಲಿ.

ಉಪಗ್ರಹ ತಪ್ಪು ಮಾಡಿತು ಎಂದು ನಾವು ಹೇಳುತ್ತಿಲ್ಲ. ಹಸಿರನ್ನು ಹಸಿರು ಎಂದಿತು, ಅದರ ಕೆಲಸ ಅಷ್ಟೇ. ಹಸಿರಿಗೂ ಕಾಳಿಗೂ ನಡುವಿನ ವ್ಯತ್ಯಾಸವನ್ನು ಹೊಲದಿಂದ ಮೇಲಕ್ಕೆ ಒಯ್ಯುವ ದಾರಿ ಕಟ್ಟಿಲ್ಲದಿರುವುದೇ ತೊಂದರೆ. ರಾಕೆಟ್ ಬಿದ್ದರೆ ಸಮಿತಿ ಕೂರುತ್ತದೆ. ಬರದ ಲೆಕ್ಕ ತಪ್ಪಿದರೆ ಏಳು ಮೆಟ್ಟಿಲಿನಲ್ಲಿ ಯಾವುದು ಮುರಿದಿತ್ತು ಎಂದು ಹುಡುಕಲು ಯಾರೂ ಕೂರುವುದಿಲ್ಲ.

ಕಾವಲಿನ ಕಡೆಯಿಂದ

ಕೊನೆಗೆ ಮತ್ತೆ ಪುಷ್ಪಕ್ ಇಳಿದ ನೆಲದ ವಿಷಯ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಬಂತು. ಸುತ್ತಲಿನ ಊರುಗಳ ಕುರಿ, ಮೇಕೆ, ದನ ಅಲ್ಲಿ ಮೇಯುತ್ತಿದ್ದವು. ಆ ಕುರಿಯ ಉಣ್ಣೆಯಿಂದ ಕಂಬಳಿ ಆಗುತ್ತಿತ್ತು. 2010ರ ಹೊತ್ತಿಗೆ ರಾಜ್ಯ ಸರ್ಕಾರ ಈ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಕೊಟ್ಟಿತು. ನಾಲ್ಕೂ ಸೇರಿ 8,173 ಎಕರೆ. ತಮಗೆ ಮೊದಲು ಯಾರೂ ತಿಳಿಸಲಿಲ್ಲ, ಗೋಡೆ ಏಳುವಾಗಲೇ ಗೊತ್ತಾಯಿತು ಎಂಬುದು ದೊಡ್ಡಉಳ್ಳಾರ್ತಿ, ಕುದಾಪುರದ ಸುತ್ತಲಿನ ಜನರ ದೂರಾಗಿತ್ತು. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೊಕದ್ದಮೆ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು.

ತುಂಬಾದಲ್ಲಿ ಒಂದು ಭಾನುವಾರ ಜನರನ್ನು ಕೇಳಿದ್ದರು. ಐವತ್ತು ವರ್ಷದ ನಂತರ ಕಾವಲಿನಲ್ಲಿ ಕೇಳಲಿಲ್ಲ. ಈ ನಡುವೆ ಸಂಸ್ಥೆಗಳು ಬಲವಾದವು, ದಿಲ್ಲಿಗೆ ಮೆಟ್ಟಿಲು ಚಿಕ್ಕದಾಯಿತು, ಊರಿನವರ ಒಪ್ಪಿಗೆ ಬೇಕಾಗದ ಸ್ಥಿತಿ ಬಂತು. ಬೇಗ ತೀರ್ಮಾನ ಮಾಡುವ ಶಕ್ತಿ ರಾಕೆಟ್ಟಿಗೆ ವರ, ಮೇವಿನ ನೆಲಕ್ಕೆ ಅದು ಬೇರೆಯಾಗಿಯೇ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? 2024–25ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ಸುಮಾರು 13,000 ಕೋಟಿ ರೂಪಾಯಿ ಸಿಕ್ಕಿದೆ. ಅದರಲ್ಲಿ ಪಾಲು ಕೊಡಿ ಎಂದು ನಾವು ಕೇಳುತ್ತಿಲ್ಲ. ಇಸ್ರೊದ ಚರಿತ್ರೆಯಲ್ಲೇ ಇರುವ ಎರಡು ಪದ್ಧತಿಗಳನ್ನು ಕೆಳಗಿನ ಮೆಟ್ಟಿಲುಗಳಿಗೂ ತನ್ನಿ ಎನ್ನುತ್ತೇವೆ. ಒಂದು, ಸೋಲಿನ ಸಮಿತಿ: ಪ್ರತಿ ಬರದ ವರ್ಷ ಮುಗಿದ ಮೇಲೆ ಉಪಗ್ರಹ ಏನು ಹೇಳಿತ್ತು, ಗ್ರಾಮ ಆಡಳಿತಾಧಿಕಾರಿ ಏನು ಬರೆದರು, ಕಣದಲ್ಲಿ ಎಷ್ಟು ಚೀಲ ಕಾಳಾಯಿತು ಎಂಬ ಮೂರು ಲೆಕ್ಕವನ್ನು ತಾಲ್ಲೂಕು ಮಟ್ಟದಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. ಆ ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ಎರಡು, ಸೈಟ್ ಕಾಲದ ಕೇಳುವ ಅಭ್ಯಾಸ: ನಕ್ಷೆ ಕೊಟ್ಟ ಸಂಸ್ಥೆಯವರು ವರ್ಷಕ್ಕೊಮ್ಮೆಯಾದರೂ ಹಳ್ಳಿಗೆ ಬಂದು ಅದು ಉಪಯೋಗಕ್ಕೆ ಬಂತೇ ಎಂದು ಕೇಳಬೇಕು.

ನಮ್ಮಂಥ ಪತ್ರಿಕೋದ್ಯಮ ಓದಿದ ಹಳ್ಳಿಯ ಹುಡುಗ ಹುಡುಗಿಯರಿಗೂ ಇಲ್ಲಿ ಕೆಲಸವಿದೆ. ಮಳೆಮಾಪಕದ ಅಂಕಿ ಸಿಗುತ್ತದೆ, ಬೆಳೆ ಸಮೀಕ್ಷೆಯ ವಿವರ ಸಿಗುತ್ತದೆ, ಇಸ್ರೊದ ‘ಭುವನ್’ ತಾಣದಲ್ಲಿ ನಮ್ಮೂರಿನ ಕೆರೆಯೂ ಕಾಣುತ್ತದೆ. ಕಣದ ಲೆಕ್ಕ ಮಾತ್ರ ಊರಿನಲ್ಲೇ ಕೇಳಿ ಬರೆದುಕೊಳ್ಳಬೇಕು. ಈ ಮುಂಗಾರಿಗೆ ನಿಮ್ಮ ಊರಿನ ಮೂರು ಹೊಲಗಳಿಂದ ಶುರುಮಾಡಿ. ಬಿತ್ತಿದ ದಿನ, ಮಳೆ ಬಂದ ದಿನ, ಕಟಾವಿನಲ್ಲಿ ಸಿಕ್ಕ ಚೀಲ ಬರೆದಿಟ್ಟು ನಮಗೂ ಕಳಿಸಿ, ತಹಶೀಲ್ದಾರ್ ಕಚೇರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.